ಮೆಣಸು ಬರೆದ ಸಾಧನೆ

ಮಾತಾಡುವುದೇ ನನ್ನ ಕಸುಬು, ಕತ್ತರಿ ಬರೀ ನೆಪ ಎಂದು ನನ್ನ ಸೆಲೂನಿಗೆ ಬರುವವರು ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಕುರ್ಚಿಯಲ್ಲಿ ಕೂತವನ ಕುತ್ತಿಗೆಗೆ ಬಟ್ಟೆ ಸುತ್ತಿದ ಮೇಲೆ ಅವನು ಎಲ್ಲಿಗೂ ಓಡುವಂತಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಲೇಬೇಕು. ಅಂಥ ನನ್ನ ಬಾಯಿ ಒಂದು ಶನಿವಾರ ಮಧ್ಯಾಹ್ನ ಶಾಲೆಯ ಬೆಂಚಿನ ಮೇಲೆ ಕೂತಿದ್ದಾಗ ಕಟ್ಟಿಹೋಯಿತು. ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡುತ್ತ ನೋಡುತ್ತ ಕೈ ನಿಂತುಬಿಡುತ್ತದೆ. ಒಂದು ಕಡೆಯ ಮೀಸೆ ಹಾಗೇ ಉಳಿದಿದೆ ಎಂದು ಅವರೇ ನೆನಪಿಸಬೇಕಾಗುತ್ತದೆ.

ನನ್ನ ಅಕ್ಕನ ಮಗಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಈಗ ಹದಿನಾಲ್ಕು ವರ್ಷ. ಗಾತ್ರ ಚಿಕ್ಕದು, ಖಾರ ಜಾಸ್ತಿ. ಅದಕ್ಕೇ ಮನೆಯಲ್ಲಿ ಮೆಣಸು ಎಂದು ಕರೆಯುತ್ತೇವೆ. ಕರೆಯುವುದು ಬಾಯಲ್ಲಲ್ಲ. ನಾಲಗೆ ಹೊರಗೆ ಹಾಕಿ ಕೈಯಿಂದ ಗಾಳಿ ಬೀಸಿಕೊಂಡರೆ ಅದು ಅವಳ ಹೆಸರು. ಎರಡು ಬೆರಳಿನ ಕತ್ತರಿ ಆಡಿಸಿದರೆ ನಾನು. ಸೂಜಿಗೆ ದಾರ ಪೋಣಿಸಿದರೆ ಅವಳಮ್ಮ. ಅಕ್ಕನದು ಹೊಲಿಗೆ ಅಂಗಡಿ, ನನ್ನ ಸೆಲೂನಿನ ಗೋಡೆಗೆ ಅಂಟಿಕೊಂಡೇ ಇದೆ. ಮೀಸೆ ತಿರುವಿದರೆ ಅಪ್ಪ. ಆ ಕೊನೆಯ ಹೆಸರನ್ನು ನಮ್ಮ ಮನೆಯಲ್ಲಿ ದೊಡ್ಡವರು ಯಾರೂ ಹೇಳದೆ ಆರು ವರ್ಷವಾಗಿತ್ತು.

ಭಾವ ಲಾರಿ ಓಡಿಸುತ್ತಿದ್ದರು. ದೂರದ ಹೆದ್ದಾರಿಯೊಂದರಲ್ಲಿ ಅಪಘಾತವಾಯಿತೆಂದು ಸುದ್ದಿ ಬಂದಾಗ, ಮಗುವನ್ನು ಭಾವನ ಅಕ್ಕನ ಮನೆಗೆ ಬಿಟ್ಟು ನಾವಿಬ್ಬರೂ ಓಡಿದೆವು. ಅವರು ಅಲ್ಲಿಯ ಆಸ್ಪತ್ರೆಯಲ್ಲೇ ತೀರಿಕೊಂಡರು. ಅಷ್ಟು ದೂರ ಹೊತ್ತು ತರುವ ಸ್ಥಿತಿಯಲ್ಲಿ ದೇಹ ಇರಲಿಲ್ಲ. ಅಲ್ಲೇ ಎಲ್ಲ ಮುಗಿಸಿ ಬಂದೆವು. ಮೆಣಸು ತಿಂಗಳ ಮೇಲೆ ಮನೆಗೆ ಬಂದಳು. ಬಂದವಳು ಎಲ್ಲ ಕೋಣೆ ಸುತ್ತಿ ನೋಡಿದಳು, ಆಮೇಲೆ ಹೊಲಿಗೆ ಯಂತ್ರದ ಕೆಳಗೆ ಹೋಗಿ ಕೂತಳು. ಅಳಲಿಲ್ಲ, ನನ್ನನ್ನು ಏನೂ ಕೇಳಲಿಲ್ಲ. ಎಂಥ ಗಟ್ಟಿ ಹುಡುಗಿ ನೋಡಿ, ಅಮ್ಮನಿಗೆ ನೋವಾಗಬಾರದು ಅಂತ ದುಃಖವನ್ನೆಲ್ಲ ನುಂಗಿಕೊಂಡಿದ್ದಾಳೆ ಎಂದು ನಾನು ಕುರ್ಚಿಗೆ ಬಂದವರಿಗೆಲ್ಲ ಹೇಳಿದೆ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು.

ಈ ವರ್ಷ ಮೆಣಸು ಓದುವ, ಕಿವಿ ಕೇಳದ ಮಕ್ಕಳ ಶಾಲೆಗೆ ಹೊಸ ಲೆಕ್ಕದ ಟೀಚರ್ ಬಂದರು. ಸಣಕಲು ದೇಹ, ಚಿಕ್ಕ ವಯಸ್ಸು, ಮುಖದಲ್ಲಿ ನಗು ಅಪರೂಪ. ಅವರು ಹೇಳಿಕಳಿಸಿದ್ದು ಇಷ್ಟು: ಮಕ್ಕಳು ಈಗ ತ್ರಿಭುಜಗಳನ್ನು ಕಲಿಯುತ್ತಾರೆ, ಬರೀ ಅಳೆಯುವುದನ್ನಲ್ಲ, ಸಾಧಿಸುವುದನ್ನು, ಅಂದರೆ ಅದು ಯಾಕೆ ಹಾಗೇ ಎಂದು ತೋರಿಸಿಕೊಡುವುದನ್ನು. ಅದರ ಪದಗಳಿಗೆ ಹೊಸ ಸನ್ನೆ ಮಾಡಿಕೊಳ್ಳಬೇಕು. ಮನೆಯಲ್ಲಿ ಅವು ಬಳಕೆಯಾಗದಿದ್ದರೆ ಮಕ್ಕಳ ಕೈಗೆ ಹತ್ತುವುದಿಲ್ಲ. ಹಾಗಾಗಿ ಪಾಲಕರೂ ಶನಿವಾರ ತರಗತಿಗೆ ಬರಬೇಕು.

ಅಕ್ಕನ ಪಿತ್ತ ನೆತ್ತಿಗೇರಿತು. ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದು ಬಂದವಳು ನಾನು, ದಿನವಿಡೀ ರವಿಕೆಯ ಬಗಲಿಗೆ ತ್ರಿಕೋನದ ತುಂಡು ಹಚ್ಚುತ್ತೇನೆ, ಇನ್ನೂ ಯಾವ ತ್ರಿಕೋನ ಕಲಿಯಬೇಕು ಎಂದು ಹಾರಾಡಿದಳು. ನನಗಂತೂ ಹೊಟ್ಟೆ ಉರಿಯಿತು. ಶನಿವಾರ ಶಟರ್ ಎಳೆದರೆ ವಾರದ ಗಿರಾಕಿಯೆಲ್ಲ ಎದುರು ಸೆಲೂನಿನವನ ಪಾಲು. ಆದರೂ ಹೋದೆವು. ಮೆಣಸು ಬಾಗಿಲಲ್ಲಿ ನಿಂತು ಕಣ್ಣು ಕೆಕ್ಕರಿಸಿದರೆ ಹೋಗದೆ ಬೇರೆ ದಾರಿ ಇರುವುದಿಲ್ಲ.

ಮೊದಲ ದಿನವೇ ಮೊದಲ ಪೆಟ್ಟು ಬಿತ್ತು. ನೀವು ಮನೆಯಲ್ಲಿ ಮಗುವಿಗೆ ಯಾವ ಯಾವ ಸನ್ನೆ ಮಾಡುತ್ತೀರಿ, ತೋರಿಸಿ ಎಂದರು ಟೀಚರ್. ನಾವು ಗತ್ತಿನಿಂದ ತೋರಿಸಿದೆವು: ತಿನ್ನು, ಮಲಗು, ಬಾ, ಬೇಡ, ಸುಡುತ್ತೆ, ಸಾಕು, ಚೆನ್ನಾಗಿದೆ, ಹೊಡೀತೀನಿ. ಅವರು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದರು. ಆಮೇಲೆ 'ಯಾಕೆಂದರೆ' ಎಂಬುದನ್ನು ತೋರಿಸಿ ಎಂದರು. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ಹಿಂದಿನ ಬೆಂಚಿನಲ್ಲಿದ್ದ ಇನ್ನೊಬ್ಬ ಹುಡುಗನ ಅಪ್ಪ, ಕೆಲಸದಲ್ಲಿ ವಾಚ್‌ಮನ್, ಮೇಲೆ ತಿರುಗುವ ಫ್ಯಾನು ನೋಡತೊಡಗಿದ. ಒಬ್ಬರ ಕೈಯೂ ಏಳಲಿಲ್ಲ.

ಬೇಡ ಎಂದು ಆ ಹುಡುಗಿಗೆ ಲಕ್ಷ ಸಲ ಹೇಳಿದ್ದೇವೆ. ಯಾಕೆ ಬೇಡ ಎಂದು ಒಂದು ಸಲವೂ ಹೇಳಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆ ಸನ್ನೆ ಗೊತ್ತಿತ್ತು, ಮನೆಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ದಿನಕ್ಕೆ ಸಾವಿರ ಮಾತಾಡುವ ನಾನು ನನ್ನ ಸೋದರಸೊಸೆಯ ಜೊತೆ ಇಷ್ಟು ವರ್ಷ ದನ ಕಾಯುವವನಂತೆ ಹೋ, ಹೈ ಎಂದುಕೊಂಡು ಬದುಕಿದ್ದೆ.

ಟೀಚರ್ 'ಕಾರಣ'ಕ್ಕೆ ಸನ್ನೆ ಕಲಿಸಿದರು. ಒಂದು ತೋಳನ್ನು ತೊಲೆಯ ಹಾಗೆ ಅಡ್ಡ ಹಿಡಿಯುವುದು, ಇನ್ನೊಂದು ಕೈಯ ಮುಷ್ಟಿಯನ್ನು ಅದರ ಕೆಳಗೆ ಕಂಬದಂತೆ ಕೊಡುವುದು. ಕಂಬ ತೆಗೆದರೆ ತೊಲೆ ಬೀಳಬೇಕು, ಹಾಗೆ ಬೀಳಿಸಿ ತೋರಿಸಿದರು. ಬೋರ್ಡಿನ ನಡುವೆ ಗೆರೆ ಎಳೆದು, ಎಡಗಡೆ ಹೇಳಿಕೆ, ಬಲಗಡೆ ಕಾರಣ ಎಂದರು. ಬಲಗಡೆ ಖಾಲಿ ಇದ್ದರೆ ಎಡಗಡೆಯದಕ್ಕೆ ಬೆಲೆ ಇಲ್ಲ.

ಆಮೇಲೆ ವಾರಕ್ಕೆ ಒಂದೆರಡು ಪದದಂತೆ ಬಂದವು. ನಮಗೆ ಮೊದಲೇ ಕೊಟ್ಟಿರುವುದು ದತ್ತ. ಚಾಚಿದ ಅಂಗೈ ಮೇಲೆ ಏನನ್ನೋ ಇಟ್ಟಂತೆ ಮಾಡುವುದು. ತೋರಿಸಿಕೊಡಬೇಕಾದ್ದು ಸಾಧನೀಯ, ದೂರಕ್ಕೆ ಬೆರಳು ತೋರುವುದು. ಇಲ್ಲಿಂದ ಅಲ್ಲಿಗೆ ಒಂದೊಂದೇ ಹೆಜ್ಜೆ ಹೋಗುವುದು ಸಾಧನೆ. 'ಆದ್ದರಿಂದ'ಕ್ಕೆ ಮೂರು ಬೆರಳಿನ ತುದಿಯಿಂದ ಗಾಳಿಯಲ್ಲಿ ಮೂರು ಚುಕ್ಕೆ. ಎರಡು ಆಕೃತಿ ಒಂದರ ಮೇಲೊಂದು ಕೂತು ಎಲ್ಲೂ ಹೆಚ್ಚುಕಡಿಮೆ ಆಗದಿದ್ದರೆ ಅವು ಸರ್ವಸಮ, ಅಂಗೈಗೆ ಅಂಗೈ. ಅಕ್ಕನಿಗೆ ಇದು ಥಟ್ಟನೆ ಹತ್ತಿತು. ಅಂಗಡಿಯಲ್ಲಿ ಕಾಲರಿನ ಎರಡು ತುದಿ ಒಂದರ ಮೇಲೊಂದಿಟ್ಟು, ಅಂಗೈಗೆ ಅಂಗೈ ಸೇರಿಸಿ ಮಗಳಿಗೆ ತೋರಿಸಿದಳು. ಮೆಣಸು ಬಿಡುತ್ತಾಳೆಯೇ? ತೋಳು ಅಡ್ಡ ಹಿಡಿದು, ಕಾರಣ ಕೊಡು ಎಂದಳು.

ಸಾಧಿಸದೆಯೇ ಎಲ್ಲರೂ ಒಪ್ಪುವ ಸಂಗತಿಗೆ ಸ್ವಯಂಸಿದ್ಧ ಎನ್ನುತ್ತಾರೆ ಎಂದಾಗ ನಾನು ಸುಮ್ಮನಿರಲಾರದೆ, ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನೋದು ಅದೇ ತಾನೇ ಎಂದೆ. ಟೀಚರ್ ಮೊದಲ ಸಲ ನಕ್ಕರು. ಆದರೆ ಹುಷಾರು, ಎತ್ತು ಈಯಿತು ಅಂದ ಕೂಡಲೇ ಕೊಟ್ಟಿಗೆಯಲ್ಲಿ ಕಟ್ಟಬಾರದು, ಸ್ವಯಂಸಿದ್ಧ ಅಂತ ಸಿಕ್ಕಿದ್ದನ್ನೆಲ್ಲ ತಂದು ಸೇರಿಸಿದರೆ ಲೆಕ್ಕ ಕೆಡುತ್ತದೆ ಎಂದರು. ಒಂದು ಮಾತನ್ನು ತಿರುವಿ ಹಾಕಿದರೆ ಸಿಗುವ ವಿಲೋಮ ಯಾವಾಗಲೂ ನಿಜವಲ್ಲ ಎಂದು ತಿಳಿಸಲು ನನ್ನನ್ನೂ ಅಕ್ಕನನ್ನೂ ಎದ್ದು ನಿಲ್ಲಿಸಿದರು. ಕ್ಷೌರಿಕನ ಕೈಯಲ್ಲಿ ಕತ್ತರಿ ಇರುತ್ತದೆ, ನಿಜ. ಕತ್ತರಿ ಹಿಡಿದವರೆಲ್ಲ ಕ್ಷೌರಿಕರೇ? ಅಕ್ಕ ಮೂಗು ಮುರಿದಳು, ಮಕ್ಕಳೆಲ್ಲ ಬೆಂಚು ಬಡಿದು ನಕ್ಕರು.

ಕೊನೆಗೆ ಕಲಿಸಿದ್ದು ವೈರುಧ್ಯದ ದಾರಿ. ನೇರವಾಗಿ ಸಾಧಿಸಲಾಗದಿದ್ದರೆ ಉಲ್ಟಾ ಇಟ್ಟುಕೊಂಡು ನೋಡುವುದು. ಅಂಗಡಿ ತೆರೆದಿದೆ ಎಂದು ಇಟ್ಟುಕೊಳ್ಳಿ, ತೆರೆದಿದ್ದರೆ ದೀಪ ಉರಿಯಬೇಕು, ದೀಪ ಉರಿಯುತ್ತಿಲ್ಲ, ಆದ್ದರಿಂದ ಅಂಗಡಿ ತೆರೆದಿಲ್ಲ. ಎರಡು ಮುಷ್ಟಿ ಡಿಕ್ಕಿ ಹೊಡೆಸುವುದು ಅದರ ಸನ್ನೆ. ಮೆಣಸಿಗೆ ಇದು ಎಲ್ಲಕ್ಕಿಂತ ಇಷ್ಟವಾಯಿತು. ಎರಡು ದಿನ ಮನೆಯಲ್ಲಿ ಕಂಡಕಂಡದ್ದಕ್ಕೆಲ್ಲ ಮುಷ್ಟಿ ಗುದ್ದಿಕೊಂಡು ತಿರುಗಿದಳು.

ಮುಂದಿನ ಶನಿವಾರಕ್ಕೆ ಟೀಚರ್ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು. ತ್ರಿಭುಜ ಬಿಟ್ಟು, ಯಾರೂ ನಿಮಗೆ ಹೇಳದೆ ನೀವೇ ಕಂಡುಕೊಂಡ ಒಂದು ಸಂಗತಿಯನ್ನು ಪಾಲಕರ ಮುಂದೆ ಸಾಧಿಸಬೇಕು. ಮೊದಲು ಎದ್ದವನು ವಾಚ್‌ಮನ್‌ನ ಮಗ. ತನ್ನ ಡಬ್ಬಿಯಿಂದ ದಿನಾ ಒಂದು ಬಿಸ್ಕತ್ತು ಕದಿಯುವವರು ಅಪ್ಪನೇ ಎಂದು ಸಾಧಿಸಿದ. ಅಣ್ಣ ಆ ಹೊತ್ತಿಗೆ ಮನೆಯಲ್ಲಿರುವುದಿಲ್ಲ, ಅಮ್ಮನಿಗೆ ಸಕ್ಕರೆ ಕಾಯಿಲೆ, ಆದ್ದರಿಂದ. ವಾಚ್‌ಮನ್ ಕುಂಬಳಕಾಯಿ ಕಳ್ಳನಂತೆ ಮೀಸೆ ಒರೆಸಿಕೊಂಡ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ನಗು ಮುಖದ ಮೇಲಿರುವಾಗಲೇ ಮೆಣಸು ಚಾಕ್‌ಪೀಸ್ ತೆಗೆದುಕೊಂಡು ಬೋರ್ಡಿನ ಹತ್ತಿರ ಹೋದಳು.

ಅವಳು ಮೊದಲು ಒಂದು ತ್ರಿಭುಜ ಬರೆದಳು. ಮೂರು ಶೃಂಗಕ್ಕೆ ಅಕ್ಷರ ಹಾಕಲಿಲ್ಲ. ಒಂದಕ್ಕೆ ಸೂಜಿ, ಒಂದಕ್ಕೆ ಮೆಣಸಿನಕಾಯಿ, ಒಂದಕ್ಕೆ ಮೀಸೆ ಬರೆದಳು. ಅಪ್ಪನನ್ನು ನೆನೆಸಿಕೊಂಡು ಏನೋ ಬರೆಯುತ್ತಾಳೆ, ಅಕ್ಕ ಅತ್ತುಬಿಡುತ್ತಾಳೆ, ಕರವಸ್ತ್ರ ಕೊಡಬೇಕು ಎಂದು ನಾನು ಜೇಬು ತಡಕಿದೆ.

ದತ್ತ: ಮೊದಲು ಅಪ್ಪ ಇದ್ದರು. ಈಗ ಇಲ್ಲ. ಸಾಧನೀಯ: ಅಪ್ಪ ನನ್ನ ತಪ್ಪಿನಿಂದ ನಮ್ಮನ್ನು ಬಿಟ್ಟುಹೋದರು.

ನಾನು ಓದಿದ್ದೇ ತಪ್ಪು ಎಂದುಕೊಂಡೆ. ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಅಕ್ಷರ ಗುಂಡಗೆ, ದೊಡ್ಡದಾಗಿ, ಕೊನೆಯ ಬೆಂಚಿಗೂ ಕಾಣುವಂತಿತ್ತು.

ಅವಳು ಒಂದೊಂದೇ ಸಾಲು ಬರೆದು, ಒಂದೊಂದನ್ನೂ ಕೈಯಲ್ಲಿ ಹೇಳುತ್ತ ಹೋದಳು: ನಾನು ಕಿವಿಯ ಮಷಿನ್ ನೀರಿನ ಬಕೆಟ್ಟಿಗೆ ಹಾಕಿದೆ. ಕಾರಣ, ತಲೆ ನೋಯುತ್ತಿತ್ತು. ಅಪ್ಪ ಅಮ್ಮ ಜಗಳವಾಡಿದರು. ಬಾಯಿ ನೋಡಿದೆ, ಇಬ್ಬರೂ ನನ್ನ ಕಡೆ ಕೈ ತೋರಿಸಿದರು. ಬೆಳಿಗ್ಗೆ ಅಪ್ಪ ಲಾರಿ ತೆಗೆದುಕೊಂಡು ಹೋದರು, ಮತ್ತೆ ಬರಲಿಲ್ಲ. ಅಮ್ಮ ಅಪ್ಪನ ಫೋಟೊಗಳನ್ನು ಪೆಟ್ಟಿಗೆಗೆ ಹಾಕಿದಳು. ಅಪ್ಪನ ಅಂಗಿಗಳನ್ನು ಕತ್ತರಿಸಿದಳು, ಕಾರಣ, ಸಿಟ್ಟು. ನಾನು ಮೀಸೆ ತಿರುವಿದರೆ ಅಮ್ಮ ಎದ್ದು ಹೋಗುತ್ತಿದ್ದಳು; ಕಾರಣ, ಸಿಟ್ಟು.

ಆ ಅಂಗಿಗಳ ಕಥೆ ನನಗೆ ಗೊತ್ತು. ಅಕ್ಕ ಅವನ್ನು ಕತ್ತರಿಸಿ ತನ್ನ ದಿಂಬಿಗೆ ಗವಸು ಹೊಲಿದುಕೊಂಡಳು. ಅದರ ಮೇಲೆ ತಲೆಯಿಟ್ಟರೆ ಮಾತ್ರ ನಿದ್ದೆ ಬರುತ್ತಿತ್ತು. ಅದನ್ನು ನನಗೆ ಹೇಳಿದ್ದಳು. ಕತ್ತರಿಸುವುದನ್ನು ನೋಡುತ್ತ ನಿಂತಿದ್ದ ಮಗುವಿಗೆ ಹೇಳಿರಲಿಲ್ಲ.

ಆಮೇಲೆ ಮೆಣಸು ಬೋರ್ಡಿನ ಮೇಲೆ ಅಡ್ಡ ಗೆರೆ ಎಳೆದು 'ವೈರುಧ್ಯ' ಎಂದು ಬರೆದಳು. ಅಪ್ಪ ಸತ್ತಿದ್ದಾರೆ ಎಂದು ಇಟ್ಟುಕೊಳ್ಳೋಣ. ಸತ್ತರೆ ಮನೆಗೆ ಜನ ಬರುತ್ತಾರೆ, ಅಳುತ್ತಾರೆ. ಕಾರಣ, ಮೂಲೆಮನೆಯ ಅಜ್ಜ ಸತ್ತಾಗ ನೋಡಿದ್ದೇನೆ. ನಮ್ಮ ಮನೆಯಲ್ಲಿ ನಾನು ಯಾರನ್ನೂ ನೋಡಲಿಲ್ಲ. ಸತ್ತಿದ್ದರೆ ಅಮ್ಮ ನನಗೆ ಹೇಳುತ್ತಿದ್ದಳು. ಈ ಸಾಲಿನ ಎದುರು ಬಲಗಡೆ ಒಂದೇ ಪದ ಬರೆದಳು: ಸ್ವಯಂಸಿದ್ಧ.

ಅಮ್ಮ ಹೇಳಲಿಲ್ಲ. ಎರಡು ಮುಷ್ಟಿ ಡಿಕ್ಕಿ ಹೊಡೆಸಿದಳು. ಆದ್ದರಿಂದ ಅಪ್ಪ ಸತ್ತಿಲ್ಲ. ಆದ್ದರಿಂದ ಬಿಟ್ಟುಹೋದರು. ಮೂರು ಚುಕ್ಕೆ ಇಟ್ಟು ಚಾಕ್‌ಪೀಸ್ ಕೆಳಗಿಟ್ಟಳು. ಕೈಯ ಪುಡಿ ಒರೆಸಿಕೊಂಡು ಅಮ್ಮನ ಕಡೆ ತಿರುಗಿ, ಮುಷ್ಟಿಯನ್ನು ಎದೆಯ ಮೇಲೆ ಉಜ್ಜಿಕೊಂಡಳು. ಅದು ನಮ್ಮ ಮನೆಯ ಸನ್ನೆ. ತಪ್ಪಾಯ್ತು ಎಂದರ್ಥ.

ಆರು ವರ್ಷ. ಪಕ್ಕದ ಗೋಡೆಯ ಆಚೆ, ನನ್ನ ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ, ನಮ್ಮ ಜೊತೆ ಊಟದ ತಟ್ಟೆಯ ಮುಂದೆ, ಈ ಹುಡುಗಿ ಇದನ್ನು ಹೊತ್ತುಕೊಂಡು ಕೂತಿದ್ದಳು. ನಾನು ಅದಕ್ಕೆ ಗಟ್ಟಿತನ ಎಂದು ಹೆಸರಿಟ್ಟು ಊರೆಲ್ಲ ಹಂಚಿದ್ದೆ.

ಟೀಚರ್‌ಗೆ ಏನೂ ಗೊತ್ತಿರಲಿಲ್ಲ, ಅವರು ಬಂದು ಕೆಲವು ತಿಂಗಳಾಗಿತ್ತಷ್ಟೇ. ಅವರ ಮುಖ ಬಿಗಿದಿತ್ತು, ಆದರೂ ಉಳಿದ ಮಕ್ಕಳಿಗೆ ಮಾಡಿದಂತೆಯೇ ತರಗತಿಯತ್ತ ತಿರುಗಿ, ಯಾವುದಾದರೂ ಹೆಜ್ಜೆ ತಪ್ಪಿದೆಯೇ ಎಂದು ಕೇಳಿದರು. ಮಕ್ಕಳು ಬೋರ್ಡು ಓದಿ ಓದಿ, ಇಲ್ಲ ಎಂದು ತಲೆಯಾಡಿಸಿದರು. ಅವರು ಹೇಳಿದ್ದು ಸರಿ. ಅವಳಿಗೆ ನಾವು ಕೊಟ್ಟಿದ್ದು ಅಷ್ಟೇ. ಅಷ್ಟರಲ್ಲಿ ಬೇರೆ ಉತ್ತರ ಬರುವಂತಿರಲಿಲ್ಲ.

ಅಕ್ಕ ಎದ್ದಳು. ಎದ್ದವಳು ನನ್ನ ತೋಳು ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದಳು.

"ಇವಳಿಗೆ ಗೊತ್ತಿಲ್ವೇನೋ? ಅತ್ತಿಗೆ ಹೇಳಿರ್ಲಿಲ್ವಾ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಭಾವನ ಅಕ್ಕ ಹೇಳಿರುತ್ತಾರೆ ಎಂದು ಇವಳು ನಂಬಿದ್ದಳು. ಇವಳೇ ಹೇಳಿರುತ್ತಾಳೆ ಎಂದು ನಾನು ನಂಬಿದ್ದೆ. ಹೆತ್ತ ತಾಯಿ ಇರುವಾಗ ನಾನ್ಯಾಕೆ ಹೇಳಲಿ ಎಂದು ಅವರು ಸುಮ್ಮನಿದ್ದರಂತೆ. ಅದು ಆ ಸಂಜೆ ಫೋನಿನಲ್ಲಿ ಗೊತ್ತಾಯಿತು. ಮೂರು ಜನ ದೊಡ್ಡವರು, ಮೂವರಿಗೂ ನಾಲಗೆ ಇತ್ತು.

ಅಕ್ಕ ಬೋರ್ಡಿನವರೆಗೆ ನಡೆದಳು. ಡಸ್ಟರ್ ಮುಟ್ಟಲಿಲ್ಲ. ಚಾಕ್‌ಪೀಸ್ ತೆಗೆದುಕೊಂಡು, ಬಟ್ಟೆಗೆ ಗುರುತು ಹಾಕುವಂತೆ ಒಂದೇ ಎಳೆತದಲ್ಲಿ 'ಸ್ವಯಂಸಿದ್ಧ' ಎಂಬುದನ್ನು ಹೊಡೆದುಹಾಕಿದಳು. ಮೆಣಸಿನ ಹುಬ್ಬು ಗಂಟಿಕ್ಕಿತು. ಅಮ್ಮ ನನಗೆ ಹೇಳುತ್ತಾಳೆ ಎಂಬುದನ್ನು ಅಮ್ಮನೇ ಹೊಡೆದುಹಾಕಿದ್ದಾಳೆ. ಅದು ಏನೆಂದು ಅವಳಿಗೆ ಅರ್ಥವಾಗಲಿಲ್ಲ. ಅಕ್ಕ ಟೀಚರ್ ಕಡೆ ತಿರುಗಿದಳು. ದನಿ ಅಂಗಡಿಯಲ್ಲಿ ಅಳತೆ ಕೇಳುವಷ್ಟು ಸಮನಾಗಿತ್ತು.

"ಸತ್ತುಹೋದರು ಅನ್ನೋದನ್ನ ಕೈಯಲ್ಲಿ ಹೇಗೆ ಹೇಳೋದು ಟೀಚರ್? ನಂಗೆ ಬರಲ್ಲ."

ಟೀಚರ್ ಎರಡು ಹೆಜ್ಜೆ ಹಿಂದೆ ಸರಿದು ಮೇಜಿಗೆ ಆತುಕೊಂಡರು. ಆಮೇಲೆ, ಚಾಚಿದ ಅಂಗೈಯನ್ನು ಮೆಲ್ಲಗೆ ಮಗುಚಿ ತೋರಿಸಿದರು. ಅಕ್ಕ ಮಗಳ ಮುಂದೆ ಮಂಡಿಯೂರಿದಳು. ಮೀಸೆ ತಿರುವಿದಳು. ಅಂಗೈ ಚಾಚಿದಳು, ಮಗುಚಿದಳು. ಲಾರಿ ಓಡಿಸಿ ತೋರಿಸಿದಳು, ಮುಷ್ಟಿಗೆ ಮುಷ್ಟಿ ಗುದ್ದಿದಳು, ಮತ್ತೆ ಅಂಗೈ ಮಗುಚಿದಳು.

ಮೆಣಸು ನೋಡಿದಳು. ಅಮ್ಮನ ಕೈ ನೋಡಿದಳು, ಮುಖ ನೋಡಿದಳು, ಟೀಚರನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಬಿಟ್ಟುಹೋಗಲಿಲ್ಲವಾ, ಎಂದು ಅವಳ ಕೈ ಕೇಳಿತು. ಇಲ್ಲ, ಎಂದೆವು ಅಕ್ಕನೂ ನಾನೂ ಒಟ್ಟಿಗೇ.

ಆಗ ಅವಳು ನಕ್ಕಳು.

ನಾನು ಎಷ್ಟೋ ಸಾವಿನ ಸುದ್ದಿ ಕಂಡಿದ್ದೇನೆ. ಜನ ಎದೆ ಬಡಿದುಕೊಳ್ಳುವುದು, ಬೀಳುವುದು, ಕಲ್ಲಾಗುವುದು ನೋಡಿದ್ದೇನೆ. ಅಪ್ಪ ಸತ್ತ ಎಂದು ತಿಳಿದು ಒಂದು ಮಗುವಿನ ಮುಖ ಹಾಗೆ ಅರಳುವುದನ್ನು ಎಂದೂ ನೋಡಿರಲಿಲ್ಲ, ಇನ್ನು ನೋಡಲೂ ಬಾರದು. ಭುಜ ಇಳಿಯಿತು, ಕಣ್ಣು ಅಗಲವಾಯಿತು, ಹಲ್ಲೆಲ್ಲ ಕಾಣುವಂತೆ ನಕ್ಕಳು. ನನ್ನಿಂದಲ್ಲ, ನನ್ನಿಂದಲ್ಲ ಎಂದು ಎದೆಗೆ ಬೆರಳು ತೋರಿಸಿ ತೋರಿಸಿ ಕೈ ಆಡಿಸಿದಳು. ಅಕ್ಕ ಆ ನಗು ನೋಡುತ್ತ ಕೂತಲ್ಲೇ ಕುಸಿದಳು. ಗಂಡ ಸತ್ತಾಗಲೂ ಅವಳು ಹಾಗೆ ಕುಸಿದದ್ದನ್ನು ನಾನು ಕಂಡಿರಲಿಲ್ಲ.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸತ್ತರು ಎಂಬುದು ಆಮೇಲೆ ಅವಳಿಗೆ ತಟ್ಟಿತು. ಬಾಯಿ ತೆರೆದೇ ಇತ್ತು, ಅದರಿಂದ ಒಂದು ದನಿ ಬಂತು. ಅವಳಿಗೆ ಅದು ಕೇಳಿಸುವುದಿಲ್ಲ. ನಮಗೆ ಕೇಳಿಸಿತು. ವಾಚ್‌ಮನ್ ಮಗನನ್ನು ಎಳೆದುಕೊಂಡು ಹೊರಗೆ ಹೋದ, ಅವನ ಹಿಂದೆ ಒಬ್ಬೊಬ್ಬರೇ ಎದ್ದರು.

ಶಾಲೆಯ ಅಂಗಳದಲ್ಲಿ ನಲ್ಲಿಯ ಪಕ್ಕ ಒಂದು ಕಲ್ಲು ಬೆಂಚಿದೆ. ಟೀಚರ್ ನಮ್ಮನ್ನು ಅಲ್ಲಿ ಕೂರಿಸಿ, ಗೇಟು ಮುಚ್ಚುವವರಿಗೆ ಸ್ವಲ್ಪ ಕಾಯಲು ಹೇಳಿ ಹೋದರು. ಮೆಣಸು ಮುಖ ತೊಳೆದುಕೊಂಡಳು. ತೊಳೆದುಕೊಂಡು ಬಂದವಳು ಅಮ್ಮನ ಮಗ್ಗುಲಲ್ಲಿ ಕೂರಲಿಲ್ಲ, ಎದುರಿಗೆ ನಿಂತಳು. ಅವಳಿಗೆ ಮಾತಾಡಬೇಕೆಂದರೆ ಎದುರಿಗೇ ಇರಬೇಕು. ಎಲ್ಲರಿಗೂ ಗೊತ್ತಿತ್ತಾ ಎಂದು ಕೇಳಿದಳು. ಗೊತ್ತಿತ್ತು ಎಂದಳು ಅಕ್ಕ. ಮಾವನಿಗೂ? ನನಗೂ ಎಂದೆ. ಅವಳು ನನ್ನ ಮೊಣಕಾಲಿಗೆ ಒದ್ದಳು, ಸುಮ್ಮನೆ ಅಲ್ಲ, ನೋಯುವಂತೆಯೇ. ಒದೆಸಿಕೊಂಡೆ. ಯಾಕೆ ಹೇಳಲಿಲ್ಲ ಎಂದು ಅಮ್ಮನ ಮುಂದೆ ತೋಳು ಅಡ್ಡ ಹಿಡಿದಳು. ಅತ್ತೆ ಹೇಳಿದ್ದಾರೆ ಅಂದುಕೊಂಡೆ ಎಂದು ಅಕ್ಕ ಹೇಳಿದಳು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ನಿಲ್ಲಿಸಲಿಲ್ಲ. ಮತ್ತೆ ಕೈ ಎತ್ತಿ, ಹೇಳೋಕೆ ಹೆದರಿಕೆ ಆಯ್ತು, ನೀನು ಕೇಳೋದು ಬಿಟ್ಟದ್ದು ನನಗೆ ಅನುಕೂಲವಾಯ್ತು ಎಂದಳು. 'ಅನುಕೂಲ'ಕ್ಕೆ ಸನ್ನೆ ಗೊತ್ತಿಲ್ಲದೆ ಅದನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಹೇಳಿದಳು, ಮಗಳು ತಲೆದೂಗುವವರೆಗೆ.

ಆಮೇಲೆ ಮೆಣಸು ಒಂದೊಂದೇ ಕೇಳಿದಳು. ಅಪ್ಪನಿಗೆ ನನ್ನ ಮೇಲೆ ಸಿಟ್ಟಿತ್ತಾ? ಇತ್ತು, ಮಷಿನ್ ಹಾಳಾಯ್ತು ಅಂತ. ನನ್ನ ಮೇಲೂ ಇತ್ತು, ಅವಳಿಗೆ ನೋವಾಗುವಾಗ ಅದನ್ನ ಹಾಕ್ಕೋ ಅಂತ ಬಲವಂತ ಯಾಕೆ ಮಾಡ್ತೀಯ ಅಂತ. ಅಂಗಿ ಯಾಕೆ ಕತ್ತರಿಸಿದೆ? ದಿಂಬಿಗೆ. ದಿಂಬಿಗೆ ಯಾಕೆ? ಇದಕ್ಕೆ ಅಕ್ಕ ತನ್ನ ಕೆನ್ನೆಯನ್ನು ಅಂಗೈ ಮೇಲಿಟ್ಟು, ಮೂಗಿನಿಂದ ಉಸಿರೆಳೆದು ತೋರಿಸಿದಳು. ಆಸ್ಪತ್ರೆಯಲ್ಲಿ ನೀನಿದ್ದೆಯಾ? ಇದ್ದೆ, ನಾನೂ ಮಾವನೂ.

ಮುಂದಿನದನ್ನು ಕೇಳುವ ಮೊದಲು ಅವಳ ಕೈ ಎರಡು ಸಲ ಮೇಲೆದ್ದು ಕೆಳಗಿಳಿಯಿತು. ಮೀಸೆ ತಿರುವಿದಳು. ನಾಲಗೆಯ ಮುಂದೆ ಗಾಳಿ ಬೀಸಿದಳು. ಅಪ್ಪ ನನ್ನನ್ನು ಕೇಳಿದರಾ?

ನಾನು ಅಕ್ಕನ ಪಕ್ಕದಲ್ಲೇ ಇದ್ದೆ. ಹೌದು ಅನ್ನೇ, ಎಂದು ಮನಸ್ಸಿನಲ್ಲಿ ಕೂಗಿಕೊಂಡೆ. ಹೌದು ಅಂದುಬಿಡು, ಅವಳ ಹೆಸರನ್ನೇ ಹೇಳುತ್ತ ಕಣ್ಣು ಮುಚ್ಚಿದರು ಅನ್ನು. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ನನ್ನ ಕೈ ಅರ್ಧ ಮೇಲೆದ್ದೂ ಇತ್ತು. ಅಕ್ಕ ಅದನ್ನು ಹಿಡಿದು ತನ್ನ ತೊಡೆಯ ಮೇಲೆ ಅದುಮಿ ಇಟ್ಟುಕೊಂಡಳು.

ಇನ್ನೊಂದು ಕೈಯಲ್ಲಿ, ಇಲ್ಲ ಎಂದಳು. ಕೇಳಲಿಲ್ಲ. ಕಣ್ಣು ತೆರೆಯಲೇ ಇಲ್ಲ. ನಾವು ಹೋಗಿ ಮುಟ್ಟುವ ಮೊದಲೂ ತೆರೆದಿರಲಿಲ್ಲವಂತೆ. ನನ್ನನ್ನೂ ಕೇಳಲಿಲ್ಲ.

ಮೆಣಸು ಅಮ್ಮನ ಮುಖವನ್ನು ನೋಡುತ್ತ ನಿಂತಳು. ನನ್ನ ಕುರ್ಚಿಯಲ್ಲಿ ಕೂತವರ ಸುಳ್ಳನ್ನು ಕನ್ನಡಿಯಲ್ಲಿ ನೋಡಿಯೇ ಹಿಡಿಯುವ ಹುಡುಗಿ ಅವಳು. ಕಣ್ಣು, ತುಟಿ, ಮತ್ತೆ ಕಣ್ಣು. ನಲ್ಲಿ ತೊಟ್ಟಿಕ್ಕುತ್ತಿತ್ತು, ಗೇಟಿನ ಹತ್ತಿರ ಯಾರೋ ಬೀಗದ ಕೈ ಅಲ್ಲಾಡಿಸುತ್ತಿದ್ದರು. ಅಕ್ಕ ಮುಖ ತಿರುಗಿಸಲಿಲ್ಲ, ಎದ್ದೂ ಹೋಗಲಿಲ್ಲ.

ಕೊನೆಗೆ ಮೆಣಸು ನಮ್ಮಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು. ಅಮ್ಮನ ಕೈ ಕಾಣುವಂತೆ ಅರ್ಧ ತಿರುಗಿ, ಮೊದಲಿಂದ ಹೇಳು ಎಂದಳು.